ಕರಡಿ ಬಾಯಿ ತೆರೆದಾಗಲೆಲ್ಲ ಸಿಡಿಲು

ಗಸ್: ಇಲ್ಲ ಅಂದ್ರೆ ಇಲ್ಲ. ಇನ್ನೊಂದು ಹನಿ ಮಳೆ ನನ್ನ ಕೈಯಿಂದ ಬೀಳಲ್ಲ.

ನಾನು: ಮಳೆ ಅಲ್ಲ ಮಾರಾಯ. ತುಂತುರು.

ಗಸ್: ತುಂತುರು ಏನು ಕೆಳಗಿಂದ ಮೇಲಕ್ಕೆ ಹೋಗುತ್ತಾ?

ನಾನು: ಸರಿ, ತುಂತುರೂ ಬೇಡ. ಬರೀ ಮೋಡ. ಒಂದೇ ಒಂದು ಮೋಡ, ಮೂಲೇಲಿ, ಅದರ ಪಾಡಿಗೆ ಅದು.

ಗಸ್: ನಿನ್ನ ಮೋಡ ಅದರ ಪಾಡಿಗೆ ಇದ್ದಿದ್ದು ಯಾವಾಗ? ಮೊದ್ಲು ಮೂಲೇಲಿ ಕಾಲಿಡುತ್ತೆ. ಆಮೇಲೆ ಇಡೀ ಪರದೆ ನಂದೇ ಅನ್ನುತ್ತೆ. ಆಮೇಲೆ ನಾನು ಹದಿನೈದು ದಿನ ಕೂತು ಗೀರಬೇಕು.

ಗಸ್ ಲಿಂಡ್‌ಕ್ವಿಸ್ಟ್ ನಮ್ಮ ಕಾರ್ಟೂನು ಕಂಪನಿಯಲ್ಲಿ ಮಳೆ, ಮಿಂಚು, ಹೊಗೆ, ಅಲೆ, ಧೂಳು ಬರೆಯುವವನು. ಪ್ರಾಣಿಗಳನ್ನು ಬೇರೆಯವರು ಬರೆಯುತ್ತಾರೆ. ಆ ಪ್ರಾಣಿಗಳ ತಲೆಯ ಮೇಲೆ ಬೀಳುವುದನ್ನೆಲ್ಲ ಇವನು ಬರೆಯುತ್ತಾನೆ. ನಾನು ಮಿಲ್‌ಬರ್ನ್ ಟೀಸ್‌ಡೇಲ್. ಏನು ಬೀಳಬೇಕು, ಯಾವಾಗ ಬೀಳಬೇಕು ಎಂದು ಹೇಳುವ ಕತೆಗಾರ. ಚಿತ್ರಮಂದಿರದಲ್ಲಿ ದೊಡ್ಡ ಚಿತ್ರಕ್ಕೆ ಮುಂಚೆ ಏಳು ನಿಮಿಷ ಓಡುತ್ತದಲ್ಲ, ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ, ಅದು ನನ್ನ ಸಾಹಿತ್ಯ. ಇಸವಿ ಸಾವಿರದ ಒಂಬೈನೂರ ಮೂವತ್ತೆಂಟು. ಲಾಸ್ ಏಂಜಲಿಸ್‌ನ ಒಂದು ಟೈರ್ ಅಂಗಡಿಯ ಮಹಡಿಯ ಮೇಲೆ ನಮ್ಮ ಕಂಪನಿ. ಹೊರಗೆ ವರ್ಷವಿಡೀ ಬಿಸಿಲು. ಒಳಗೆ ವರ್ಷವಿಡೀ ಮಳೆಗಾಲ, ಮತ್ತು ಅದಕ್ಕೆ ನಾನೊಬ್ಬನೇ ಹೊಣೆ.

ಗಸ್: ನಿನ್ನಿಂದ ನಮ್ಮ ಮನೆ ಮಾನ ಹೋಗಿದೆ, ಗೊತ್ತಾ? ಸ್ಕೂಲಲ್ಲಿ ಟೀಚರು ನನ್ನ ಮಗಳನ್ನ ಕೇಳಿದ್ರಂತೆ, ನಿಮ್ಮಪ್ಪ ಏನ್ ಕೆಲ್ಸ ಮಾಡ್ತಾರಮ್ಮ ಅಂತ. ನಮ್ಮಪ್ಪ ಮಳೆ ಸುರಿಸ್ತಾರೆ ಅಂದಳಂತೆ.

ನಾನು: ಹೆಮ್ಮೆಯಿಂದ ಹೇಳಿದಾಳೆ ಪಾಪ.

ಗಸ್: ಟೀಚರು ಅವಳನ್ನ ಪಾದ್ರಿಗಳ ಹತ್ರ ಕಳಿಸಿದ್ರು. ಭಾನುವಾರ ಚರ್ಚಿಗೆ ಹೋದ್ರೆ ಅವರು ನನ್ನನ್ನ ಮೇಲಿಂದ ಕೆಳಗೆ ನೋಡ್ತಾರೆ. ಲೋ ಮಿಲ್, ನಂಗೂ ಒಂದಾಸೆ ಇದೆ ಕಣೋ. ಒಂದೇ ಒಂದು ಮುಖ ಬರೀಬೇಕು ಅಂತ. ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ. ಅಷ್ಟೇ. ಆ ಕಣ್ಣಲ್ಲಿ ನೀರು ಬರೋ ಹೊತ್ತಿಗೆ ಸರಿಯಾಗಿ ನೀನು ಆಕಾಶದಿಂದ ನೀರು ತರಿಸ್ತೀಯ.

ನಾನು: ಅಗತ್ಯ ಇದ್ದಾಗ ಮಾತ್ರ ತರಿಸ್ತೀನಿ.

ಗಸ್: ಹೌದಾ? ಬೆಕ್ಕು ನಾಯಿ ಜಗಳದ ಚಿತ್ರ ಹೇಗೆ ಮುಗೀತು?

ನಾನು: ಗುಡುಗಿಗೆ ಹೆದರಿ ಬೆಕ್ಕು ನಾಯಿ ತೋಳಿಗೆ ಹಾರ್ತು. ಜನಕ್ಕೆ ಹಿಡಿಸಿತ್ತು.

ಗಸ್: ಇಲಿ ದಾರಿ ತಪ್ಪಿದ್ದು?

ನಾನು: ಪ್ರವಾಹ ಬಂತು. ಇಲೀನ ನೇರ ಮನೆ ಬಾಗಿಲಿಗೇ ತಂದು ಬಿಡ್ತು. ಅಷ್ಟು ನಾಜೂಕಾದ ಪ್ರವಾಹ ಇನ್ಯಾರಾದ್ರೂ ಬರೆದಿದಾರಾ ಹೇಳು.

ಗಸ್: ಬರೆದಿದ್ದು ನಾನು. ಹಂದಿಯ ಮದುವೆ?

ನಾನು: ಪಾದ್ರಿ, ಯಾರಿಗಾದ್ರೂ ಆಕ್ಷೇಪಣೆ ಇದ್ಯಾ ಅಂತ ಕೇಳಿದ. ಸಿಡಿಲು ಹೊಡೀತು.

ಗಸ್: ಯಾರ ಆಕ್ಷೇಪಣೆ ಅದು?

ನಾನು: ಅದು... ಮೇಲಿನವರದ್ದು.

ಗಸ್: ಅದು ನಿಂದು. ಅದನ್ನ ಬರೆಯೋವಾಗ ಮಧ್ಯಾಹ್ನ ಊಟದ ಹೊತ್ತಾಗಿತ್ತು, ನಿಂಗೆ ಹೊಟ್ಟೆ ಹಸಿದಿತ್ತು, ಕತೆ ಬೇಗ ಮುಗಿಸ್ಬೇಕಿತ್ತು.

ನಿಜವಾಗಿಯೂ ಹಸಿದಿತ್ತು. ಆದರೆ ಗಸ್‌ನ ಹಟಕ್ಕಿಂತ ದೊಡ್ಡ ತೊಂದರೆ ನಮ್ಮ ಯಜಮಾನ ಕ್ರೆಬ್ಸ್ ಅವರದು. ಹಿಂದಿನ ಚಿತ್ರವನ್ನು ಗ್ಲೆಂಡೇಲಿನ ಚಿತ್ರಮಂದಿರದಲ್ಲಿ ಪರೀಕ್ಷೆಗೆಂದು ಹಾಕಿದ್ದೆವು. ನರಿ ಇನ್ನೇನು ಸಿಕ್ಕಿಬಿತ್ತು ಎನ್ನುವಾಗ ಮುಂದಿನ ಸಾಲಿನ ಮಕ್ಕಳೆಲ್ಲ ಒಟ್ಟಿಗೆ, ಬೇಸರದ ದನಿಯಲ್ಲಿ, 'ಈಗ ಗುಡುಗತ್ತೆ' ಎಂದರು. ಗುಡುಗಿತು. ಕ್ರೆಬ್ಸ್ ಅವರು ಕತ್ತಲಲ್ಲಿ ನನ್ನ ಕಡೆ ತಿರುಗಿದ್ದು ನನಗೆ ಕಾಣಲಿಲ್ಲ, ಆದರೆ ಕೆನ್ನೆಗೆ ಬಿಸಿ ತಾಗಿತು. ಮರುದಿನ ಅಪ್ಪಣೆಯಾಯಿತು: ಮುಂದಿನ ಚಿತ್ರದಲ್ಲಿ ಒಂದು ಹನಿ ಬಿದ್ದರೂ ಕೆಳಗಿನ ಟೈರ್ ಅಂಗಡಿಯಲ್ಲಿ ಕೆಲಸ ನೋಡಿಕೋ. ಆ ಮುಂದಿನ ಚಿತ್ರದ ಕತೆಯನ್ನು ನಾವು ಹೀಗೆ ಜಗಳವಾಡುತ್ತಿದ್ದ ದಿನವೇ ಮಧ್ಯಾಹ್ನ ನಾನು ಅವರಿಗೆ ತೋರಿಸಬೇಕಿತ್ತು. ಗೋಡೆಯ ಹಲಗೆಯ ತುಂಬ ಚಿತ್ರದ ಚೀಟಿಗಳನ್ನು ಸಾಲಾಗಿ ಚುಚ್ಚಿಟ್ಟಿದ್ದೆ. ಕೊನೆಯ ಸಾಲು ಮಾತ್ರ ಖಾಲಿ.

ಗಸ್: ಕತೆ ಏನು ಇನ್ನೊಂದ್ಸಲ ಹೇಳು. ಮಳೆ ಇಲ್ದೇ ಹೇಳು.

ನಾನು: ಒಂದು ಕರಡಿ. ಒಂದು ಹೆಬ್ಬಾತು. ಒಂದೇ ಕೆರೆ ದಂಡೆ. ಕರಡಿಗೆ ಹೆಬ್ಬಾತು ಅಂದ್ರೆ ಪ್ರಾಣ. ಆದ್ರೆ ಚಳಿಗಾಲ ಬಂತು ಅಂದ್ರೆ ಹೆಬ್ಬಾತು ದಕ್ಷಿಣಕ್ಕೆ ಹಾರಿಹೋಗುತ್ತೆ, ಕರಡಿ ಗುಹೆಗೆ ಹೋಗಿ ಚಳಿ ಮುಗಿಯೋತನಕ ಮಲಗುತ್ತೆ. ಅದಕ್ಕೆ ಹೆಬ್ಬಾತು ಹಾರೋಕ್ ಮುಂಚೆ ಕರಡಿ ಹೋಗಿ ಅದರ ಮುಂದೆ ನಿಂತು, ನನ್ನ ಮದ್ವೆ ಆಗ್ತೀಯಾ ಅಂತ ಕೇಳೋಕೆ ಬಾಯಿ ತೆಗೀತಾನೆ—

ಗಸ್: ಆಗ?

ನಾನು: ಆಗ ಸಿಡಿಲು.

ಗಸ್: ಥೂ.

ನಾನು: ಅಭ್ಯಾಸ ಬಲ ಕಣೋ. ಸರಿ, ಸಿಡಿಲು ತೆಗೆದೆ. ಹಿಮ ಬೀಳುತ್ತೆ.

ಗಸ್: ಅದೂ ಮೇಲಿಂದಾನೇ ಬೀಳೋದು.

ನಾನು: ಮಂಜು ಮುಸುಕುತ್ತೆ. ಮಂಜು ಬೀಳಲ್ಲ, ಸುಮ್ನೆ ನಿಂತಿರುತ್ತೆ.

ಗಸ್: ಮಂಜಲ್ಲಿ ಏನೂ ಕಾಣಲ್ಲ. ಏಳು ನಿಮಿಷ ಬಿಳಿ ಪರದೆ ತೋರಿಸ್ತೀಯಾ? ನಂಗೇನೋ ಸುಲಭ.

ನಾನು: ಹಾಗಾದ್ರೆ ಭೂಕಂಪ. ಭೂಕಂಪ ಹವಾಮಾನ ಅಲ್ಲ. ಕೆಳಗಿಂದ ಬರೋದು ಅದು. ಕ್ರೆಬ್ಸ್ ಸಾರ್ ಕೆಳಗಿಂದ ಬರೋದರ ಬಗ್ಗೆ ಏನೂ ಹೇಳಿಲ್ಲ.

ಗಸ್: ಐದು ವರ್ಷದ ಹಿಂದಿನ ಭೂಕಂಪದ ಭಯಕ್ಕೆ ಈ ಊರಲ್ಲಿ ಜನ ಇವತ್ತಿಗೂ ಮಂಚದ ಪಕ್ಕ ಬೂಟು ಇಟ್ಕೊಂಡು ಮಲಗ್ತಾರೆ. ನೀನು ಕಾರ್ಟೂನಲ್ಲಿ ಭೂಮಿ ಅಲ್ಲಾಡ್ಸು, ಇಡೀ ಥಿಯೇಟರ್ ಖಾಲಿ ಆಗುತ್ತೆ. ಮಿಲ್, ಒಂದು ಮಾತು ಕೇಳ್ತೀನಿ. ಆ ಕರಡಿ ಸುಮ್ನೆ ಕೇಳಿಬಿಟ್ರೆ ಏನಾಗುತ್ತೆ?

ನಾನು: ಕೇಳೋದು ಅಂದ್ರೆ?

ಗಸ್: ಬಾಯಿಂದ. ಜನ ಕೇಳ್ತಾರಲ್ಲ, ಹಾಗೆ.

ಎಷ್ಟೋ ವರ್ಷದಿಂದ ಕತೆ ಹೆಣೆಯುತ್ತಿದ್ದೇನೆ, ಯಾರೂ ನನ್ನ ಮುಂದೆ ಇಂಥ ಒರಟು ಸಲಹೆ ಇಟ್ಟಿರಲಿಲ್ಲ. ಏನಾದರೂ ಹೇಳಿ ಜಾರಿಕೊಳ್ಳೋಣವೆಂದು ಕಿಟಕಿಯತ್ತ ನೋಡಿದೆ; ಆಕಾಶ ತೊಳೆದ ತಟ್ಟೆಯ ಹಾಗೆ ಖಾಲಿ ಇತ್ತು. ಅಷ್ಟರಲ್ಲಿ ಬಾಗಿಲು ತೆರೆದು ವರ್ನಾ ಒಳಗೆ ಬಂದಳು.

ವರ್ನಾ ಹ್ಯಾಸ್ಕೆಲ್ ಶಾಯಿ ಕೋಣೆಯವಳು. ಗಸ್ ಪೆನ್ಸಿಲಿನಲ್ಲಿ ಗೀಚಿದ ಮಳೆಯನ್ನು ಗಾಜಿನಂಥ ತೆಳು ಹಾಳೆಗಳ ಮೇಲೆ ಬಿಳಿ ಶಾಯಿಯಲ್ಲಿ ತಿದ್ದುವವಳು. ಹಾಳೆಗೆ ಬೆರಳ ಗುರುತು ತಾಗಬಾರದೆಂದು ಬಿಳಿ ಕೈಗವಸು ಹಾಕಿಕೊಳ್ಳುತ್ತಾಳೆ, ಲೇಖನಿ ಹಿಡಿಯಲು ಅದರ ಎರಡು ಬೆರಳು ಕತ್ತರಿಸಿರುತ್ತಾಳೆ. ಇಡೀ ಕಂಪನಿಯಲ್ಲಿ ಮಳೆಯ ಗೆರೆಯನ್ನು ಕೈ ನಡುಗದೆ ಎಳೆಯುವವಳು ಇವಳೊಬ್ಬಳೇ. ಆ ಕತ್ತರಿಸಿದ ಕೈಗವಸು ಕಂಡರೆ ನನಗೆ ಮಾತು ತಡವರಿಸುತ್ತದೆ.

ವರ್ನಾ: ಟೀಸ್‌ಡೇಲ್ ಅವ್ರೇ, ಈ ಚಿತ್ರದಲ್ಲಿ ಮಳೆ ಇದ್ಯಾ, ಇಲ್ವಾ? ಖಚಿತವಾಗಿ ಹೇಳ್ಬಿಡಿ.

ನಾನು: ಇಲ್ಲ.

ವರ್ನಾ: ನಿಜವಾಗ್ಲೂ?

ನಾನು: ಕ್ರೆಬ್ಸ್ ಸಾರ್ ಆಣೆಗೂ ಇಲ್ಲ.

ವರ್ನಾ: ಹಾಗಾದ್ರೆ ನಾನು ಹೋಗಬಹುದು.

ನಾನು: ಧಾರಾಳವಾಗಿ ಹೋಗಿ. ಆರಾಮಾಗಿ ಹೋಗಿ.

ವರ್ನಾ: ಇಷ್ಟು ಸಲೀಸಾಗಿ ಹೇಳ್ತೀರಿ ಅಂದ್ಕೊಂಡಿರ್ಲಿಲ್ಲ.

ನಾನು: ಅದ್ರಲ್ಲೇನಿದೆ? ಅಲ್ಲಿ ಬಿಸಿಲು ಜಾಸ್ತಿ ಇದ್ರೆ ಕಿಟಕಿ ಪರದೆ ಎಳ್ಕೊಳ್ಳಿ.

ವರ್ನಾ: ಬಿಸಿಲು ಇದ್ದೇ ಇರುತ್ತೆ. ಮೊಸಳೆ ಬೇರೆ ಇವೆಯಂತೆ.

ನಾನು: ಶಾಯಿ ಕೋಣೇಲಾ?

ಗಸ್: ಲೋ ದಡ್ಡ, ಅವಳು ಫ್ಲಾರಿಡಾಕ್ಕೆ ಹೋಗ್ತಿದಾಳೆ ಕಣೋ.

ಒಂದು ಬೇರೆ ಕಂಪನಿ ಅಲ್ಲಿ ಹೊಸದಾಗಿ ಕಾರ್ಟೂನು ಕಾರ್ಖಾನೆ ತೆರೆದಿತ್ತು. ಶಾಯಿ ಕೋಣೆಗೆ ಮುಖ್ಯಸ್ಥೆಯಾಗಿ ಬಾ ಎಂದು ವರ್ನಾಳನ್ನು ಕರೆದಿದ್ದರು. ಆ ಸಂಜೆಯೊಳಗೆ ಅವಳು ಫೋನ್ ಮಾಡಿ ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು. ಇದು ಟೈರ್ ಅಂಗಡಿಯ ಹುಡುಗರಿಗೂ ಗೊತ್ತಿತ್ತಂತೆ. ನನಗೆ ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ನಾನು ವಾರವಿಡೀ ಕರಡಿಯ ಕಷ್ಟದಲ್ಲಿ ಮುಳುಗಿದ್ದೆ.

ನನಗೆ ವರ್ನಾ ಬೇಕಾಗಿದ್ದಳು. ಇದನ್ನು ಈಗ ಹೀಗೆ ನೇರವಾಗಿ ಬರೆಯುತ್ತೇನೆ. ಆಗ ಹೇಳಬೇಕಾದರೆ ಕನಿಷ್ಠ ಒಂದು ಚಂಡಮಾರುತವಾದರೂ ಬೇಕಿತ್ತು.

ನಾನು: ಫ್ಲಾರಿಡಾ ಅಂದ್ರೆ... ದಕ್ಷಿಣ.

ವರ್ನಾ: ಹೌದು, ದಕ್ಷಿಣಾನೇ. ಭೂಪಟದಲ್ಲಿ ಕೆಳಗಿದೆ. ಮಳೆ ಇದ್ರೆ ಅದನ್ನ ಮುಗಿಸಿಕೊಟ್ಟೇ ಹೋಗೋಣ ಅಂದ್ಕೊಂಡಿದ್ದೆ. ಇಲ್ಲ ಅಂದ್ರಿ. ಒಳ್ಳೇದಾಯ್ತು.

ನಾನು: ಸ್ವಲ್ಪ ತುಂತುರು ಇದೆ.

ಗಸ್: ಇಲ್ಲ.

ನಾನು: ಕೊನೇಲಿ ಒಂಚೂರು ಸೇರಿಸ್ಬೋದು.

ಗಸ್: ನೀನು ಟೈರಿಗೆ ಗಾಳಿ ಹೊಡೆಯೋದು ಕಲ್ತಿದೀಯಾ?

ವರ್ನಾ ಹಲಗೆಯ ಹತ್ತಿರ ಹೋಗಿ ಚೀಟಿಗಳನ್ನು ಒಂದೊಂದಾಗಿ ನೋಡಿದಳು. ಕರಡಿ ದಂಡೆಯಲ್ಲಿ ನಿಂತಿದೆ. ಕರಡಿ ಹೂ ಹಿಡಿದಿದೆ. ಕರಡಿ ಹೂವನ್ನು ತಾನೇ ತಿಂದಿದೆ. ಆಮೇಲೆ ಖಾಲಿ ಜಾಗ.

ವರ್ನಾ: ಇವನು ಯಾಕೆ ಕೇಳಲ್ಲ?

ನಾನು: ಕರಡಿಗೆ ಸಂಕೋಚ.

ವರ್ನಾ: ಎಷ್ಟು ದಿನದಿಂದ?

ನಾನು: ಎರಡು ಚಳಿಗಾಲ ಆಯ್ತು.

ವರ್ನಾ: ಎರಡು ಚಳಿಗಾಲ ಸಂಕೋಚ ಪಟ್ಕೊಂಡೇ ಕೂತಿದಾನಾ?

ನಾನು: ಒಂದಿಷ್ಟು ದಿನ ನಿದ್ದೇನೂ ಮಾಡಿದಾನೆ. ಕರಡಿ ಅಲ್ವಾ. ಹೆಬ್ಬಾತಿಗೆ ಪಾಪ ಇದೇನೂ ಗೊತ್ತಿಲ್ಲ.

ವರ್ನಾ: ಹೆಬ್ಬಾತಿಗೆ ಗೊತ್ತು.

ನಾನು: ಇಲ್ಲ, ಕತೇಲಿ ಅದಕ್ಕೆ ಗೊತ್ತಾಗೋದು—

ವರ್ನಾ: ಹೆಬ್ಬಾತಿಗೆ ಮೊದ್ಲಿಂದ್ಲೂ ಗೊತ್ತು. ಹೆಬ್ಬಾತುಗಳೇನು ಪೆದ್ದಲ್ಲ. ಹೋದ ತಿಂಗಳು ಸಾಂಟಾ ಮೋನಿಕಾದ ಸಮುದ್ರಕಟ್ಟೆ ಮೇಲೆ ಈ ಕರಡಿ ಏನೋ ಹೇಳೋಕೆ ಬಾಯಿ ತೆಗೀತು. ಆಮೇಲೆ, ಮೋಡ ಮುಸುಕಿದ ಹಾಗಿದೆ, ಹೋಗೋಣ್ವಾ ಅಂತು.

ನಾನು: ಮೋಡ ಇತ್ತು.

ವರ್ನಾ: ಮೀನು ಹುರಿಯೋನ ಹೊಗೆ ಅದು.

ಗಸ್: ಕಟ್ಟೆ ಮೇಲೆ ಕರಡಿ ಯಾಕೆ ಬಂತು? ಅದು ಈ ಹಲಗೇಲಿ ಇಲ್ವಲ್ಲ.

ವರ್ನಾ: ಅದಕ್ಕೂ ಮುಂಚೆ ಸಿನಿಮಾ ಬಿಟ್ಟ ಮೇಲೆ ಬಾಗಿಲ ಹತ್ರ ನಿಲ್ಲಿಸ್ತು. ಒಂದು ವಿಷಯ ಹೇಳ್ಬೇಕಿತ್ತು ಅಂತು. ಆಮೇಲೆ, ಗುಡುಗಿದ ಹಾಗಾಯ್ತಲ್ಲ ಅಂತು.

ನಾನು: ಗುಡುಗಿತ್ತು.

ವರ್ನಾ: ಟ್ರಾಮ್ ಹೋಯ್ತು.

ಗಸ್: ಈ ಕತೆ ನನಗ್ಯಾಕೆ ತೋರಿಸಿಲ್ಲ ನೀನು? ಇದು ಚೆನ್ನಾಗಿದೆ. ಕರಡಿ ಟ್ರಾಮಿಗೆ ಹೆದರೋದು.

ಗಸ್ ಅಪ್ಪಟ ಕೆಲಸಗಾರ; ಹಲಗೆಯ ಮೇಲೆ ಇಲ್ಲದ್ದು ಜಗತ್ತಿನಲ್ಲಿ ನಡೆಯುತ್ತದೆಂದು ಅವನಿಗೆ ತೋಚುವುದೇ ಇಲ್ಲ. ನಾನು ಏನಾದರೂ ಹೇಳುವ ಮೊದಲೇ ಮೆಟ್ಟಿಲ ಮೇಲೆ ಚುರುಟಿನ ವಾಸನೆ, ಅದರ ಹಿಂದೆ ಕ್ರೆಬ್ಸ್ ಅವರು. ಇದ್ದ ಒಂದೇ ಕುರ್ಚಿಯಲ್ಲಿ ಕೂತರು. ವರ್ನಾ ಹೊರಡಲು ಬಾಗಿಲತ್ತ ತಿರುಗಿದಳು.

ಕ್ರೆಬ್ಸ್: ನೋಡಯ್ಯಾ ಟೀಸ್‌ಡೇಲ್, ನಮ್ಮತ್ತೆ ಈಗ ನಿನ್ನ ಚಿತ್ರಕ್ಕೆ ಹೋಗೋವಾಗ ಕೊಡೆ ತಗೊಂಡು ಹೋಗ್ತಾಳೆ. ತಮಾಷೆಗೆ ಅಂದ್ಕೊಂಡಿದ್ದೆ. ತಮಾಷೆ ಅಲ್ಲ, ಮಂಡಿ ನೋವು ಬರುತ್ತಂತೆ. ಶುರು ಮಾಡು.

ನಮ್ಮಲ್ಲಿ ಕತೆಯನ್ನು ಓದಿ ಹೇಳುವ ಪದ್ಧತಿ ಇಲ್ಲ. ಕತೆಗಾರ ಕೈಯಲ್ಲಿ ಕೋಲು ಹಿಡಿದು ಒಂದೊಂದೇ ಚೀಟಿ ತೋರಿಸುತ್ತ ಎಲ್ಲ ಪ್ರಾಣಿಗಳ ಪಾತ್ರವನ್ನೂ ತಾನೇ ಕುಣಿದು ಆಡಿ ತೋರಿಸಬೇಕು. ನನಗೆ ಕರಡಿ ಚೆನ್ನಾಗಿ ಬರುತ್ತದೆ, ದೇವರು ಅಂಥ ಮೈ ಕೊಟ್ಟಿದ್ದಾನೆ. ಹೆಣ್ಣುದನಿಗೆ ಯಾವಾಗಲೂ ಗಸ್.

ನಾನು: ಕೆರೆ ದಂಡೆ. ಕರಡಿ ಬರ್ತಾನೆ. ನಾಚಿಕೊಂಡು, ಕಾಲು ಎಳ್ಕೊಂಡು. ಹೆಬ್ಬಾತು ಪೆಟ್ಟಿಗೆ ಕಟ್ಕೊಂಡು ಹೊರಡೋಕೆ ತಯಾರಾಗಿದೆ.

ಗಸ್: (ಕೀರಲು ದನಿಯಲ್ಲಿ) ನಾನು ಹೊರಟೆ ಕರಡಿರಾಯಾ.

ಕ್ರೆಬ್ಸ್: ಇದೇನು, ಹೆಬ್ಬಾತಿಗೆ ಶೀತ ಆಗಿದ್ಯಾ?

ಗಸ್: ನನ್ನ ದನೀನೇ ಹೀಗೆ ಸಾರ್.

ಕ್ರೆಬ್ಸ್: ನೀನು ಮಳೆ ಗೀಚೋನಲ್ವಾ, ಸುಮ್ನಿರು. ಏನಮ್ಮ, ಬಾಗಿಲ ಹತ್ರ ಇರೋಳೇ, ಇಲ್ಲಿ ಬಾ. ಹೆಬ್ಬಾತಿನ ಮಾತು ನೀನು ಹೇಳು.

ವರ್ನಾ: ನಾನು ಹೊರಟೆ ಕರಡಿರಾಯಾ.

ಅವಳು ಅದನ್ನು ಆಡಿ ತೋರಿಸಲಿಲ್ಲ. ಸುಮ್ಮನೆ ಹೇಳಿದಳು, ಕೈಗವಸು ಬಿಚ್ಚುತ್ತ. ನನ್ನ ಕೋಲು ಹಲಗೆಗೆ ಬಡಿದು ಎರಡು ಚೀಟಿ ಉದುರಿದವು.

ನಾನು: ಕರಡಿ... ಕರಡಿ ಆಕಾಶ ನೋಡ್ತಾನೆ.

ಕ್ರೆಬ್ಸ್: ಯಾಕೆ?

ನಾನು: ಸುಮ್ನೆ ಸಾರ್.

ಕ್ರೆಬ್ಸ್: ಮೋಡ ಇದ್ಯಾ ಅಲ್ಲಿ?

ನಾನು: ಇಲ್ಲ ಸಾರ್. ಬರೀ ನೀಲಿ.

ಕ್ರೆಬ್ಸ್: ಹಾಗಾದ್ರೆ ಕೆಳಗೆ ನೋಡೋಕ್ ಹೇಳು ಅವನಿಗೆ.

ನಾನು: ಕೆಳಗೆ ನೋಡ್ತಾನೆ. ಆಮೇಲೆ ಗಾಳಿ—

ಕ್ರೆಬ್ಸ್: ಟೀಸ್‌ಡೇಲ್.

ನಾನು: ಗಾಳಿ ಇಲ್ಲ ಸಾರ್. ಎಲೆ ಕೂಡ ಅಲ್ಲಾಡ್ತಿಲ್ಲ. ಅದನ್ನೇ ಹೇಳ್ತಿದ್ದೆ.

ವರ್ನಾ: ಹೊತ್ತಾಗ್ತಾ ಇದೆ ಕರಡಿರಾಯಾ. ಏನಾದ್ರೂ ಹೇಳೋದಿದ್ರೆ ಹೇಳು.

ಗಸ್: ಆ ಮಾತು ಕತೇಲಿ ಇಲ್ಲ.

ಕ್ರೆಬ್ಸ್: ಇರ್ಲಿ, ಚೆನ್ನಾಗಿದೆ. ಮುಂದೆ?

ಮುಂದೆ ಏನೂ ಇರಲಿಲ್ಲ. ಹಲಗೆ ಖಾಲಿ. ಕೆಳಗೆ ಯಾರೋ ಟೈರಿನಿಂದ ಗಾಳಿ ಬಿಡುತ್ತಿದ್ದರು. ಕ್ರೆಬ್ಸ್ ಅವರು ಕಾಯುತ್ತಿದ್ದರು, ಗಸ್ ಕಾಯುತ್ತಿದ್ದ, ವರ್ನಾ ನನ್ನನ್ನೇ ನೋಡುತ್ತಿದ್ದಳು. ತಪ್ಪಿಸಿಕೊಳ್ಳಲು ಒಂದು ಹನಿಯೂ ಇಲ್ಲದ ಆ ಜಾಗದಲ್ಲಿ ನನ್ನ ಬಾಯಿ ತಾನಾಗಿಯೇ ತೆರೆಯಿತು.

ನಾನು: ದಕ್ಷಿಣಕ್ಕೆ ಹೋಗ್ಬೇಡ. ನಂಗೆ ಚೆನ್ನಾಗಿ ಮಾತಾಡೋಕೆ ಬರಲ್ಲ. ನೀನು ಎದುರಿಗಿದ್ರೆ ಇನ್ನೂ ಬರಲ್ಲ. ನಾನು ಹೆದರುಪುಕ್ಕಲ, ಅದು ನಿಂಗೂ ಗೊತ್ತು. ಆದ್ರೆ ನೀನು ಇರ್ತೀನಿ ಅಂದ್ರೆ ಈ ಸಲ ನಾನು ಮಲಗಲ್ಲ. ಚಳಿಗಾಲ ಪೂರ್ತಿ ಎದ್ದಿರ್ತೀನಿ. ನನ್ನ ಮದ್ವೆ ಆಗ್ತೀಯಾ?

ಕ್ರೆಬ್ಸ್ ಅವರ ಚುರುಟಿನ ಬೂದಿ ಅವರ ಅಂಗಿಯ ಮೇಲೆ ಉದುರಿತು.

ಕ್ರೆಬ್ಸ್: ಕರಡಿ ಇಷ್ಟೊಂದು ನಡುಗ್ಬೇಕಾ? ಅವನ ತೂಕ ನೋಡು.

ಗಸ್: ಅಭಿನಯ ಸಾರ್. ಮಿಲ್‌ಗೆ ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ.

ಕ್ರೆಬ್ಸ್: ಎಲ್ಲಾ ಸರಿ, ಇದರಲ್ಲಿ ನಗೋದು ಎಲ್ಲಿ? ನಾವು ಮಾಡ್ತಿರೋದು ತಮಾಷೆ ಚಿತ್ರ. ಹೆಬ್ಬಾತು ಏನನ್ನುತ್ತೆ ಇದಕ್ಕೆ?

ವರ್ನಾ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಕ್ರೆಬ್ಸ್ ಅವರನ್ನು ನೋಡಿದಳು.

ವರ್ನಾ: ಆಗಲ್ಲ. ಪೆಟ್ಟಿಗೆ ಕಟ್ಟಾಯ್ತು.

ಕ್ರೆಬ್ಸ್ ಅವರು ನಗತೊಡಗಿದರು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಕುರ್ಚಿ, ಆಮೇಲೆ ಹಲಗೆಯ ಮೇಲಿನ ಚೀಟಿಗಳು. ಅವರು ನನ್ನ ಕತೆಗೆ ಹೀಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನು ಕೋಲು ಊರಿಕೊಂಡು ನಿಂತಿದ್ದೆ.

ಕ್ರೆಬ್ಸ್: ಅಯ್ಯೋ ದೇವ್ರೇ. ಪೆಟ್ಟಿಗೆ ಕಟ್ಟಾಯ್ತಂತೆ. ಅವಳು ಹಾರಿಹೋಗ್ತಾಳೆ, ಇವನು ಮಾತು ಕೊಟ್ಬಿಟ್ಟಿದಾನೆ, ಮಲಗೋ ಹಾಗಿಲ್ಲ. ಚಳಿಗಾಲ ಪೂರ್ತಿ ಒಬ್ನೇ ಗುಹೇಲಿ ಕಣ್ಣು ಬಿಟ್ಕೊಂಡು ಕೂತಿರ್ತಾನೆ. ಅಕ್ಕಪಕ್ಕದ ಗುಹೇಲಿ ಎಲ್ಲಾ ಗೊರಕೆ. ಇದೇ ಚಿತ್ರ ಕಣಯ್ಯಾ. ಪೂರ್ತಿ ಚಿತ್ರ ಇದೇ. ಒಂದು ಹನಿ ಮಳೆ ಬೇಕಾಗ್ಲಿಲ್ಲ ನೋಡು.

ನಾನು: ಹೌದು ಸಾರ್.

ಕ್ರೆಬ್ಸ್: ಆ ಮುಖ ಹಾಗೇ ಇಟ್ಕೋ, ಯಾರಾದ್ರೂ ಬರ್ಕೊಳ್ಲಿ. ಎಂಥಾ ಪೆಚ್ಚು ಮುಖ. ಯಾರು ಬರೀತಾರೆ ಇದನ್ನ?

ಗಸ್: ಸಾರ್, ನಾನು ಬರೀಲಾ? ಮಳೆ ಇಲ್ಲ ಅಂದ್ಮೇಲೆ ನಂಗೂ ಕೈ ಖಾಲಿ.

ಕ್ರೆಬ್ಸ್: ಬರಿ. ಕಣ್ಣು ದೊಡ್ಡದಾಗಿರ್ಲಿ.

ಕ್ರೆಬ್ಸ್ ಅವರು ನಗುತ್ತಲೇ ಮೆಟ್ಟಿಲಿಳಿದರು. ಗಸ್ ನನ್ನ ಮುಖವನ್ನು ಎರಡು ಕಡೆಯಿಂದ ನೋಡಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, 'ಬಹಳ ಚೆನ್ನಾಗಿದೆ, ಅಲ್ಲಾಡಿಸಬೇಡ' ಎಂದು ಹೇಳಿ ಕಾಗದ ತರಲು ಓಡಿದ. ನನ್ನ ನೌಕರಿ ಉಳಿಯಿತು. ಅದರಿಂದ ಏನು ಪ್ರಯೋಜನವೆಂದು ಮಾತ್ರ ನನಗೆ ತಿಳಿಯಲಿಲ್ಲ. ವರ್ನಾ ಉದುರಿದ್ದ ಚೀಟಿಗಳನ್ನು ಎತ್ತಿ ಹಲಗೆಗೆ ಚುಚ್ಚುತ್ತಿದ್ದಳು.

ನಾನು: ಫ್ಲಾರಿಡಾದಲ್ಲಿ ಈಗ ಹವಾ ಚೆನ್ನಾಗಿರುತ್ತಂತೆ.

ವರ್ನಾ: ಶುರುವಾಯ್ತು.

ನಾನು: ಏನು?

ವರ್ನಾ: ಹವಾ.

ನಾನು: ಇನ್ನೇನು ಹೇಳ್ಲಿ? ನೀವು ಆಗಲ್ಲ ಅಂದ್ರಲ್ಲ.

ವರ್ನಾ: ನಾನು ಯಾವಾಗ ಅಂದೆ? ಹೆಬ್ಬಾತು ಅಂತು.

ನಾನು: ಬಾಯಿ ನಿಮ್ದೇ ಇತ್ತು.

ವರ್ನಾ: ಕೇಳಿದ್ದು ಯಾರು?

ನಾನು: ಕರಡಿ.

ವರ್ನಾ: ಕರಡಿ ಕೇಳ್ತು, ಹೆಬ್ಬಾತು ಹೇಳ್ತು. ಅವರಿಬ್ಬರ ವಿಷಯ ಅಲ್ಲಿಗಾಯ್ತು. ಹೆಬ್ಬಾತು ಹೂಂ ಅಂದಿದ್ರೆ ಕ್ರೆಬ್ಸ್ ಸಾರ್ ನಗ್ತಿದ್ರಾ? ನಗೋದು ಎಲ್ಲಿ, ನಗೋದು ಎಲ್ಲಿ ಅಂತ ಕೇಳ್ತಾನೇ ಇರ್ತಿದ್ರು. ಅವರು ನಗದಿದ್ರೆ ನೀವು ಈ ಹೊತ್ತಿಗೆ ಟೈರ್ ಅಂಗಡೀಲಿ ಇರ್ತಿದ್ರಿ. ಕೆಲಸ ಕಳ್ಕೊಂಡ ಕರಡೀನ ಕಟ್ಕೊಂಡು ನಾನೇನು ಮಾಡ್ಲಿ?

ನನ್ನ ತಲೆ ಕೆಲಸದ ವೇಳೆಯಲ್ಲೇ ನಿಧಾನ. ಬೇರೆ ವೇಳೆಯಲ್ಲಿ ಇನ್ನೂ ನಿಧಾನ. ಅವಳು ಹೇಳಿದ್ದು ಒಳಗೆ ಇಳಿಯುವಷ್ಟರಲ್ಲಿ ಅವಳು ಎರಡೂ ಚೀಟಿ ಚುಚ್ಚಿ ಮುಗಿಸಿದ್ದಳು. ಇಳಿದ ಮೇಲೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅವಳತ್ತ ತಿರುಗಿದೆ.

ನಾನು: ಅಂದ್ರೆ, ಈಗ ನಾನು—

ವರ್ನಾ: ಆ ಕೋಲು ಕೆಳಗಿಡು.

ಇಟ್ಟೆ.

ವರ್ನಾ: ಕಿಟಕಿ ಕಡೆ ನೋಡ್ಬೇಡ. ಅಲ್ಲೇನೂ ಬರ್ತಿಲ್ಲ. ನಾನಾಗ್ಲೇ ನೋಡಿದೀನಿ.

ನಾನು: ವರ್ನಾ, ಫ್ಲಾರಿಡಾಕ್ಕೆ ಹೋಗ್ಬೇಡ. ನನ್ನ ಮದ್ವೆ ಆಗು.

ವರ್ನಾ: ಹೂಂ.

ಗುಡುಗಲಿಲ್ಲ, ಮಿಂಚಲಿಲ್ಲ, ದೀಪ ಆರಲಿಲ್ಲ. ಕೆಳಗೆ ಟೈರಿಗೆ ಗಾಳಿ ತುಂಬುತ್ತಿದ್ದರು. ಬಿಸಿಲು ಕಿಟಕಿಯಿಂದ ಬಂದು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು, ನಾವಿಬ್ಬರೂ ಆ ಚೌಕದೊಳಗೆ ಏನು ಮಾಡಬೇಕೆಂದು ತಿಳಿಯದೆ ಕೈ ಇಳಿಬಿಟ್ಟುಕೊಂಡು ನಿಂತಿದ್ದೆವು.

ವರ್ನಾ: ಹೂಂ ಅಂದೆ ಕಣೋ. ಮುಂದೇನು?

ನಾನು: ನಂಗೇನು ಗೊತ್ತು? ನನ್ನ ಯಾವ ಕತೇನೂ ಇಲ್ಲೀತನಕ ಬಂದಿಲ್ಲ.